ದ್ರಾಕ್ಷಿಗೆ ನೀರೆಷ್ಟು? ಮಧ್ಯಾಹ್ನದ ನೆರಳು ಅಳೆದು ನಾನು ಲೆಕ್ಕ ಹಾಕುವ ರೀತಿ

ಕಲಬುರಗಿ ಜಿಲ್ಲೆಯ ಆಳಂದ ತಾಲ್ಲೂಕಿನಲ್ಲಿ ನಮ್ಮದು ಎರಡೂವರೆ ಎಕರೆ ದ್ರಾಕ್ಷಿ. ತಳಿ ಥಾಮ್ಸನ್ ಸೀಡ್‌ಲೆಸ್, ವೈ ಆಕಾರದ ಹಂದರ, ಕರಿ ಮಣ್ಣು, ನೀರಿಗೆ ಒಂದೇ ಬೋರ್. ನಮ್ಮ ಕಡೆ ಡ್ರಿಪ್ ಇದ್ದವರೂ ನೀರನ್ನು ತಾಸಿನ ಲೆಕ್ಕದಲ್ಲೇ ಬಿಡುತ್ತಾರೆ. ಬಿಸಿಲು ಏರಿತು ಅಂದರೆ ಇನ್ನೊಂದು ತಾಸು ಜಾಸ್ತಿ. ಆದರೆ ಬಿಸಿಲು ಎಷ್ಟಿದೆ ಅನ್ನೋದು ಅರ್ಧ ಲೆಕ್ಕ ಅಷ್ಟೇ. ಆ ಬಿಸಿಲನ್ನು ಹಿಡಿಯಲು ಗಿಡದಲ್ಲಿ ಎಲೆ ಎಷ್ಟಿದೆ ಅನ್ನೋದು ಉಳಿದರ್ಧ. ಅದನ್ನು ನೆಲದ ಮೇಲಿನ ನೆರಳೇ ತೋರಿಸುತ್ತದೆ.

ಇದು ನನ್ನ ಕಲ್ಪನೆಯಲ್ಲ. ಕ್ಯಾಲಿಫೋರ್ನಿಯಾದ ಪಾರ್ಲಿಯರ್ ಅನ್ನೋ ಊರಿನ ಸಂಶೋಧನಾ ತೋಟದಲ್ಲಿ ಒಂದು ದೊಡ್ಡ ತೊಟ್ಟಿಯನ್ನು ತಕ್ಕಡಿಯ ಮೇಲೆ ಕೂರಿಸಿ, ಅದರಲ್ಲಿ ದ್ರಾಕ್ಷಿ ಬಳ್ಳಿ ಬೆಳೆಸಿದರು. ತೂಕ ಎಷ್ಟು ಇಳಿಯಿತೋ ಅಷ್ಟು ನೀರು ಗಾಳಿಗೆ ಹೋಯಿತು ಅಂತ ಲೆಕ್ಕ. ಜೊತೆಗೆ ಮಧ್ಯಾಹ್ನದ ನೆರಳನ್ನೂ ಅಳೆದರು. ವಿಲಿಯಮ್ಸ್ ಮತ್ತು ಏಯರ್ಸ್ 2005ರಲ್ಲಿ ಪ್ರಕಟಿಸಿದ ಫಲಿತಾಂಶ ತುಂಬಾ ಸರಳ: ನೆಲದ ಶೇಕಡಾ ಎಷ್ಟು ಭಾಗ ನೆರಳಿದೆಯೋ ಅದನ್ನು 0.017ರಿಂದ ಗುಣಿಸಿದರೆ ಬೆಳೆ ಗುಣಾಂಕ ಸಿಗುತ್ತದೆ, ಅಂದರೆ ಗಿಡ್ಡ ಹುಲ್ಲಿನ ನೆಲಕ್ಕೆ ಹೋಲಿಸಿದರೆ ನಮ್ಮ ಬೆಳೆ ಎಷ್ಟು ಪಟ್ಟು ನೀರು ಬಳಸುತ್ತದೆ ಅನ್ನೋ ಅಂಕಿ. ಅಲ್ಲಿದ್ದದ್ದೂ ಥಾಮ್ಸನ್ ಸೀಡ್‌ಲೆಸ್ಸೇ. ಅದಕ್ಕೇ ನನಗೆ ಧೈರ್ಯ ಬಂತು.

ಅಳೆಯಲು ನನ್ನ ಹತ್ತಿರ ಇರೋದು ಒಂದು ಬಿದಿರಿನ ಕೋಲು. ನಮ್ಮ ಸಾಲುಗಳ ನಡುವೆ 10 ಅಡಿ, ಗಿಡಗಳ ನಡುವೆ 5 ಅಡಿ. ಕೋಲೂ 10 ಅಡಿಯದ್ದೇ. ಅರ್ಧ ಅಡಿಗೊಂದು ಸುಣ್ಣದ ಗೆರೆ ಎಳೆದರೆ 20 ತುಂಡು ಆಗುತ್ತವೆ. ಒಂದು ಹಾದಿಯ ನಡುವಿನಿಂದ ಮುಂದಿನ ಹಾದಿಯ ನಡುವಿನವರೆಗೆ, ಸಾಲಿಗೆ ಅಡ್ಡಲಾಗಿ ಕೋಲು ಇಡುತ್ತೇನೆ. ಅರ್ಧಕ್ಕಿಂತ ಹೆಚ್ಚು ನೆರಳು ಬಿದ್ದ ತುಂಡುಗಳನ್ನು ಎಣಿಸುತ್ತೇನೆ. ಒಂದು ತುಂಡಿಗೆ ಶೇ. 5. ಎಲೆ ದಟ್ಟ ಇದ್ದಲ್ಲಿ, ತೆಳು ಇದ್ದಲ್ಲಿ, ಬೇರೆ ಬೇರೆ ಸಾಲಿನಲ್ಲಿ ನೋಡಿ ಸರಾಸರಿ ತೆಗೆಯಬೇಕು. ಬದುವಿನ ಹತ್ತಿರದ ಸಾಲು ಬೇಡ. ಪಕ್ಕದ ಹೊಲದ ಕಾಕಾ ಒಮ್ಮೆ ನಿಂತು ನೋಡಿ, "ಏನ್ ಮಾಡ್ಲಕತ್ತೀ ತಮ್ಮಾ, ನೆಳ್ಳ ಅಳೀಲಕತ್ತೀ?" ಅಂದರು. ಹೌದು ಕಾಕಾ, ನೆರಳೇ ಅಂದೆ. ಈಗ ಅವರೂ ಕೋಲು ಹಿಡಿಯುತ್ತಾರೆ.

ಹೊತ್ತು ಮುಖ್ಯ. ಕಲಬುರಗಿಯಲ್ಲಿ ಸೂರ್ಯ ನೆತ್ತಿಗೆ ಬರೋದು ಸರಿಯಾಗಿ 12ಕ್ಕಲ್ಲ. ನವೆಂಬರ್ ಮೊದಲಲ್ಲಿ 12.06ರ ಆಸುಪಾಸು, ಫೆಬ್ರವರಿ ನಡುವಿಗೆ 12.37ರ ಹತ್ತಿರ. ನಮ್ಮ ಸಾಲುಗಳು ಉತ್ತರ–ದಕ್ಷಿಣ. ಹಾಗಾಗಿ ಆ ಹೊತ್ತಿಗೆ ನೆರಳು ಸಾಲಿನ ಬುಡದಲ್ಲೇ ಇರುತ್ತದೆ. ಪೂರ್ವ–ಪಶ್ಚಿಮ ಸಾಲಿದ್ದವರಿಗೆ ಚಳಿಗಾಲದಲ್ಲಿ ನೆರಳು ಉತ್ತರಕ್ಕೆ ಚಾಚಿ ಅಗಲ ಕಾಣುತ್ತದೆ. ಅಂಥವರು ಸ್ವಲ್ಪ ಎಚ್ಚರದಿಂದ ಲೆಕ್ಕ ಮಾಡಬೇಕು.

ಇನ್ನು ಬೇಕಾಗಿರೋದು ಇಟಿಒ. ಅಂದರೆ ನೀರಿನ ಕೊರತೆ ಇಲ್ಲದ ಗಿಡ್ಡ ಹುಲ್ಲಿನ ನೆಲದಿಂದ ದಿನಕ್ಕೆ ಎಷ್ಟು ಮಿಲಿಮೀಟರ್ ನೀರು ಗಾಳಿಗೆ ಹೋಗುತ್ತದೆ ಅನ್ನೋದು. ಹವಾಮಾನ ಕೇಂದ್ರದ ತೆರೆದ ಆವಿ ಪಾತ್ರೆಯ ಅಂಕಿ ಸಿಕ್ಕರೆ ಅದನ್ನು 0.7ರಿಂದ ಗುಣಿಸುತ್ತೇನೆ. ಒಣಗಾಳಿ ಬೀಸುವ ಬೇಸಿಗೆಯಲ್ಲಿ ಇನ್ನೂ ಸ್ವಲ್ಪ ಕಡಿಮೆ ಹಿಡಿಯುತ್ತೇನೆ.

ಅಕ್ಟೋಬರ್ ಚಾಟ್ನಿ (ರೆಂಬೆ ಸವರುವುದು) ಆಗಿ ಕಾಯಿ ಕಟ್ಟಿರುವ ಹೊತ್ತು ಅಂದುಕೊಳ್ಳಿ. ನೆರಳು ಶೇ. 40, ಇಟಿಒ 4 ಮಿ.ಮೀ. ಗುಣಾಂಕ 0.68. ಎರಡನ್ನೂ ಗುಣಿಸಿದರೆ 2.7 ಮಿ.ಮೀ. ಒಂದು ಚದರ ಮೀಟರ್ ಮೇಲೆ ಒಂದು ಮಿ.ಮೀ. ಅಂದರೆ ಒಂದು ಲೀಟರ್. ನಮ್ಮ ಒಂದು ಗಿಡದ ಪಾಲು 50 ಚದರ ಅಡಿ, ಅಂದರೆ 4.65 ಚದರ ಮೀಟರ್. ಹಾಗಾದರೆ ಗಿಡಕ್ಕೆ ದಿನಕ್ಕೆ ಸುಮಾರು 12.6 ಲೀಟರ್. ಡ್ರಿಪ್‌ನಲ್ಲಿ ಹತ್ತರಲ್ಲಿ ಒಂದು ಪಾಲು ಪೋಲಾಗುತ್ತೆ ಅಂತ ಹಿಡಿದರೆ 14 ಲೀಟರ್. ಗಿಡಕ್ಕೆ ತಾಸಿಗೆ 4 ಲೀಟರಿನ ಎರಡು ಡ್ರಿಪ್ಪರ್ ಇದ್ದರೆ ಒಂದೂಮುಕ್ಕಾಲು ತಾಸು ಸಾಕು.

ಈಗ ಬೇಸಿಗೆ ನೋಡಿ. ಏಪ್ರಿಲ್ ಚಾಟ್ನಿ ಮುಗಿದು ಚಿಗುರು ಆಗಷ್ಟೇ ಹೊರಟಿದೆ. ಇಟಿಒ 7 ಮಿ.ಮೀ., ನೆರಳು ಬರೀ ಶೇ. 10. ಗಿಡಕ್ಕೆ ಬೇಕಾದದ್ದು ಐದೂವರೆ ಲೀಟರ್! ಬೆಂಕಿಯಂಥ ಬಿಸಿಲಿನಲ್ಲಿ ಕೇಳೋದು ಚಳಿಗಾಲದ ಅರ್ಧಕ್ಕಿಂತ ಕಡಿಮೆ. ಬೋರ್ ಸೊರಗುವ ತಿಂಗಳಲ್ಲಿ ಈ ಒಂದು ಅಂಕಿ ನಮಗೆ ಎಷ್ಟು ನೀರು ಉಳಿಸಿತು ಅಂತ ನಾನು ಎಲ್ಲರಿಗೂ ಹೇಳುತ್ತಿರುತ್ತೇನೆ. ಒಂದೇ ಮಾತು: ಡ್ರಿಪ್ಪರ್ ಕೆಳಗಿನ ಒದ್ದೆ ನೆಲ ಆಗ ಬಿಸಿಲಿಗೆ ತೆರೆದಿರುತ್ತದೆ, ಅಲ್ಲಿಂದಲೂ ನೀರು ಹಾರುತ್ತದೆ. ಕಬ್ಬಿನ ರವದಿ (ಒಣ ಎಲೆ) ಹೊದಿಸಿ, ಲೆಕ್ಕಕ್ಕಿಂತ ತುಸು ಜಾಸ್ತಿ ಕೊಡುತ್ತೇನೆ. ಆಮೇಲೆ ಎಲೆ ಹರಡಿದ ಹಾಗೆ ವಾರಕ್ಕೊಮ್ಮೆ ಅಳೆದು ಏರಿಸುತ್ತಾ ಹೋಗಬೇಕು, ಯಾಕಂದರೆ ಚಿಗುರು ಓಡುವ ವಾರಗಳಲ್ಲಿ ನೆರಳು ಬೇಗ ಬೆಳೆಯುತ್ತದೆ.

ಈ ಲೆಕ್ಕ ಕೊಡೋದು ಗಿಡ ಹೊಟ್ಟೆ ತುಂಬ ಕುಡಿಯುವ ನೀರು. ಕಾಡಿಯಲ್ಲಿ, ಅಂದರೆ ಬಲಿಯುವ ರೆಂಬೆಯಲ್ಲಿ, ಮುಂದಿನ ಬೆಳೆಯ ಕಾಯಿಕಣ್ಣು ಮೂಡುವ ಹೊತ್ತಿನಲ್ಲಿ, ಕೊಯ್ಲಿನ ಮುಂಚೆ ಸಕ್ಕರೆ ಏರುವಾಗ, ಬೇಕಂತಲೇ ಕಡಿಮೆ ಕೊಡುತ್ತೇವೆ. ಮಳೆ ಬಂದರೆ ಅದನ್ನೂ ಕಳೆಯಬೇಕು. ಕರಿ ಮಣ್ಣು ನೀರು ಹಿಡಿದಿಡುವುದರಿಂದ ನಾನು ಎರಡು ದಿನದ್ದು ಒಟ್ಟಿಗೆ ಬಿಡುತ್ತೇನೆ. ಅದಕ್ಕೂ ಮುಂಚೆ ಒಂದಡಿ, ಎರಡಡಿ ಆಳದ ಮಣ್ಣು ತೆಗೆದು ಕೈಯಲ್ಲಿ ಹಿಸುಕಿ ನೋಡುತ್ತೇನೆ. ಎರಡಡಿ ಕೆಳಗೆ ಮಣ್ಣು ಅಂಟಂಟಾಗಿಯೇ ಇದ್ದರೆ ಆ ಸರದಿ ತಪ್ಪಿಸಬಹುದು.

ನಿಂಬೆ ತೋಟದವರು 0.017 ಅನ್ನು ಹಾಗೇ ತೆಗೆದುಕೊಳ್ಳಬೇಡಿ. ನಿಂಬೆಯ ಜಾತಿಯ ಗಿಡಗಳು ಎಲೆಯಿಂದ ಗಾಳಿಗೆ ನೀರು ಬಿಡುವುದರಲ್ಲಿ ಬಿಗಿ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1998ರಲ್ಲಿ ಕೊಟ್ಟ ಪಟ್ಟಿಯಲ್ಲಿ, ನೆಲದ ಮೇಲೆ ಹುಲ್ಲಿಲ್ಲದ ತೋಟಕ್ಕೆ, ಎಲೆಯ ಹರವು ಶೇ. 20 ಇದ್ದರೆ ಗುಣಾಂಕ 0.45ರಿಂದ 0.55, ಶೇ. 70 ಇದ್ದರೂ 0.65ರಿಂದ 0.70 ಅಷ್ಟೇ. ನೆರಳು ಅಳೆಯುವ ಕೋಲು ಅದೇ, ಗುಣಾಂಕ ಮಾತ್ರ ಆ ಪಟ್ಟಿಯಿಂದ ತೆಗೆದುಕೊಳ್ಳಿ.