ವರ್ಜೀನಿಯಾ ತಂಬಾಕು: ನಾಲಿಗೆ ಸುಡದಂತೆ ಪೈಪ್ ಸೇದುವ ಕ್ರಮ

ವರ್ಜೀನಿಯಾ ತಂಬಾಕಿನಲ್ಲಿ, ಅಂದರೆ ನಮ್ಮ ಹುಣಸೂರು, ಪಿರಿಯಾಪಟ್ಟಣಗಳ ರೈತರು ಬ್ಯಾರನ್‌ಗಳಲ್ಲಿ (ಸೊಪ್ಪು ಹದಗೊಳಿಸುವ ಕಟ್ಟಡಗಳಲ್ಲಿ) ಬಿಸಿಗಾಳಿಗೆ ಹದಗೊಳಿಸುವ ಬಗೆಯ ಸೊಪ್ಪಿನಲ್ಲಿ, ಸಕ್ಕರೆಯ ಅಂಶ ಹೆಚ್ಚಿರುವುದರಿಂದ ಅವಸರದಿಂದ ಸೇದಿದರೆ ಅದು ಬಿಸಿಯಾಗಿ ಉರಿದು ನಾಲಿಗೆ ಚುರುಗುಟ್ಟುತ್ತದೆ. ಡಬ್ಬಿಯಿಂದ ತೆಗೆದ, ಒತ್ತಿ ಕತ್ತರಿಸಿದ ತಂಬಾಕಿನ ಪಟ್ಟಿಗಳನ್ನು ಬೆರಳುಗಳ ನಡುವೆ ಉಜ್ಜಿ ಬಿಡಿಸಿ, ಕಾಗದದ ಮೇಲೆ ಹರಡಿ, ಹಿಂಡಿದಾಗ ಮುದ್ದೆಗಟ್ಟದೆ ಮೆಲ್ಲನೆ ಬಿಚ್ಚಿಕೊಳ್ಳುವಷ್ಟು ಆರಿಸಬೇಕು. ಗರಿಗರಿಯಾಗುವಷ್ಟು ಒಣಗಿಸಿದರೆ ರುಚಿ ಹೋಗುತ್ತದೆ. ಪೈಪಿನ ಬಟ್ಟಲಿಗೆ ತುಂಬುವಾಗ ತಳದಲ್ಲಿ ಸಡಿಲವಾಗಿಯೂ ಮೇಲ್ಭಾಗದಲ್ಲಿ ತುಸು ಬಿಗಿಯಾಗಿಯೂ ಇರಲಿ. ಮೊದಲ ಬಾರಿ ಹೊತ್ತಿಸಿದಾಗ ಉಬ್ಬಿ ಮೇಲೇಳುವ ಎಳೆಗಳನ್ನು ಹಗುರವಾಗಿ ಒತ್ತಿ, ಮತ್ತೊಮ್ಮೆ ಹೊತ್ತಿಸಿ, ಬಳಿಕ ನಿಧಾನವಾಗಿ ಎಳೆದು ಹೊಗೆಯನ್ನು ಬಾಯಲ್ಲಷ್ಟೇ ಇರಿಸಿಕೊಳ್ಳಬೇಕು. ನಡುವೆ ಆರಿಹೋದರೆ ಜೋರಾಗಿ ಎಳೆಯುವುದಕ್ಕಿಂತ ಮತ್ತೆ ಹೊತ್ತಿಸುವುದೇ ಒಳ್ಳೆಯದು.

ಮಣ್ಣಿನ ಪೈಪ್ ಹಿಂದಿನ ತಂಬಾಕಿನ ವಾಸನೆಯನ್ನು ಅಷ್ಟಾಗಿ ಹಿಡಿದಿಡದೆ ವರ್ಜೀನಿಯಾದ ಒಣಹುಲ್ಲಿನಂಥ ಸಿಹಿಯನ್ನು ಶುದ್ಧವಾಗಿ ಕೊಡುತ್ತದೆ, ಆದರೆ ಅದರ ಬಟ್ಟಲು ಕೈ ಸುಡುವಷ್ಟು ಕಾಯುವುದರಿಂದ ಕೊಳವೆಯನ್ನೇ ಹಿಡಿಯಬೇಕು. ಮೀರ್‌ಶಾಮ್ ಎಂಬ ಮೃದುವಾದ ಬಿಳಿ ಖನಿಜದಿಂದ ಕೆತ್ತಿದ ಪೈಪ್ ಹಗುರ, ತಂಪು. ಬ್ರಯರ್ ಎಂಬ ಪೊದೆಯ ಬೇರುಗಂಟಿನಿಂದ ಮಾಡಿದ ಪೈಪಿನ ಒಳಗೋಡೆಗೆ ತೆಳುವಾದ ಕರಿಯ ಪದರ ಕೂರಬೇಕು. ಸೇದಿದ ಮೇಲೆ ಈ ಪೈಪನ್ನು ಒಂದು ದಿನವಾದರೂ ಒಣಗಲು ಬಿಡಬೇಕು. ಹೊಸಬರಿಗೆ ನಾನು ಸೂಚಿಸುವುದು ಮುಸುಕಿನ ಜೋಳದ ದಿಂಡಿನಿಂದ ಮಾಡಿದ ಪೈಪನ್ನೇ, ಏಕೆಂದರೆ ಅದು ಅಗ್ಗ, ತೇವವನ್ನು ಹೀರಿಕೊಳ್ಳುತ್ತದೆ, ಪಳಗಿಸುವ ಶ್ರಮವೂ ಬೇಕಿಲ್ಲ.