ತುಂಗನಾಥದ ದಾರಿಯಲ್ಲಿ ಪೈಕಾ ನೋಡಬೇಕೆಂದರೆ

ಉತ್ತರಾಖಂಡದ ಚೋಪ್ತಾದಿಂದ ತುಂಗನಾಥ ದೇವಸ್ಥಾನಕ್ಕೆ ಸುಮಾರು ಮೂರೂವರೆ ಕಿಲೋಮೀಟರ್ ಹತ್ತಬೇಕು. ಪಂಚಕೇದಾರ ಯಾತ್ರೆಗೆ ಬರುವ ನಮ್ಮ ಕಡೆಯವರು ಕಲ್ಲುಸಂದಿಯಲ್ಲಿ ಏನೋ ಸರಕ್ಕನೆ ನುಗ್ಗಿದ್ದು ನೋಡಿ, ‘ಇಲಿ ಕಣ್ರೀ’ ಅಂತ ಮುಂದೆ ಹೋಗಿಬಿಡುತ್ತಾರೆ. ಅದು ಇಲಿಯಲ್ಲ, ರಾಯ್ಲ್ಸ್ ಪೈಕಾ. ಮೊಲದ ಸಂಬಂಧಿ. ಗೇಣುದ್ದವೂ ಇಲ್ಲ, ಕಿವಿ ದುಂಡಗೆ, ಬಾಲ ಕಾಣುವುದೇ ಇಲ್ಲ. ಬೇಸಿಗೆಯಲ್ಲಿ ತಲೆ, ಭುಜ ಕೆಂಪು ಕಂದು.

ನನಗೆ ಮಂಡಿನೋವು. ದಾರಿಯಲ್ಲಿ ಹೇಗೂ ಅಲ್ಲಲ್ಲಿ ಕೂರಲೇಬೇಕು. ಹಾಗಾಗಿ ಕೂರುವ ಜಾಗವನ್ನೇ ನೋಡಿ ಆರಿಸಿಕೊಳ್ಳುತ್ತೇನೆ. ದೊಡ್ಡ ಕಲ್ಲುಗಳು ಕುಸಿದು ರಾಶಿ ಬಿದ್ದಿರಬೇಕು, ಪಕ್ಕದಲ್ಲೇ ಹಸಿರು ಇರಬೇಕು. ಗಾರೆಯಿಲ್ಲದ ಹಳೆಯ ಕಲ್ಲುಗೋಡೆಯೂ ಆದೀತು. ಸಂದಿಯ ಬಾಯಲ್ಲಿ ಕರಿಮೆಣಸಿನ ಕಾಳಿನಂಥ ಹಿಕ್ಕೆ ಗುಡ್ಡೆಯಾಗಿದ್ದರೆ ಅಲ್ಲೇ ಕೂತುಬಿಡಿ.

ಹುಡುಕಿಕೊಂಡು ಅಲೆಯಬೇಡಿ. ನೀವು ಹತ್ತಿರ ಹೋದಷ್ಟೂ ಅದು ಒಳಗೆ ಸೇರುತ್ತದೆ. ಎಂಟು ಹತ್ತು ಮೀಟರ್ ದೂರದಲ್ಲಿ ಸುಮ್ನೆ ಕೂತರೆ ತಾನಾಗಿಯೇ ಬರುತ್ತದೆ. ಹೆಚ್ಚಾಗಿ ಹೋದ ಸಂದಿಯಿಂದಲೋ ಅದರ ಪಕ್ಕದ್ದರಿಂದಲೋ ಮೊದಲು ಮೂಗು, ಆಮೇಲೆ ಕಣ್ಣು. ಕಲ್ಲಿನ ಮೇಲೆ ಅಲುಗಾಡದೆ ಕೂತು ಸುತ್ತ ನೋಡುತ್ತದೆ. ಆಗ ಬೈನಾಕ್ಯುಲರ್ ಎತ್ತಬೇಡಿ, ಮೊದಲೇ ಕಣ್ಣಿಗೆ ಹಿಡಿದುಕೊಂಡಿರಿ. ಧೈರ್ಯ ಬಂದ ಮೇಲೆ ಗಿಡದ ಹತ್ತಿರ ಓಡಿ, ಎಲೆ ಕಚ್ಚಿಕೊಂಡು ಕಲ್ಲಿಗೆ ವಾಪಸ್ ಬರುತ್ತದೆ. ಕಚಕಚ ಅಗಿಯುತ್ತಾ ಇಡೀ ಕಡ್ಡಿ ಬಾಯೊಳಗೆ ಸರಿಯುವುದನ್ನು ನೋಡುವುದೇ ನನಗೆ ದೊಡ್ಡ ಖುಷಿ.

ಹೊತ್ತು ಮುಖ್ಯ. ಬೆಳಗ್ಗೆ ಬೇಗ, ಇಲ್ಲವೇ ಸಂಜೆ. ಬಿಸಿಲು ಏರಿದರೆ ಅದಕ್ಕೆ ತಡೆಯುವುದಿಲ್ಲ, ತಂಪಾದ ಸಂದಿಯೊಳಗೇ ಇರುತ್ತದೆ. ಚಳಿಗಾಲದಲ್ಲಿ ನಿದ್ದೆಗೆ ಜಾರುವ ಪ್ರಾಣಿಯಲ್ಲ. ಆದರೆ ಆಗ ದಾರಿಯೆಲ್ಲ ಹಿಮ. ನಮ್ಮಂಥವರಿಗೆ ಮೇ, ಜೂನ್ ಒಳ್ಳೆಯದು, ಅಕ್ಟೋಬರ್ ಇನ್ನೂ ಒಳ್ಳೆಯದು.

ದಯವಿಟ್ಟು ಬಿಸ್ಕೆಟ್ ಹಾಕಬೇಡಿ. ಅದರ ಊಟ ಸೊಪ್ಪು, ಹುಲ್ಲು, ಹೂವು. ಫೋಟೋ ಬೇಕು ಅಂತ ಸಂದಿಗೆ ಕೋಲು ತೂರಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಆ ಸಂದಿ ಅದರ ಮನೆ ಅಲ್ವಾ?

ಓಡಾಡುತ್ತಿದ್ದ ಪೈಕಾಗಳೆಲ್ಲ ಒಮ್ಮೆಲೇ ಮಾಯವಾದರೆ ನಿಮ್ಮನ್ನು ಕಂಡೇ ಅಂತ ಎದ್ದು ಹೋಗಬೇಡಿ. ಸುತ್ತ ಕಣ್ಣಾಡಿಸಿ. ಹಳದಿ ಕೊರಳಿನ ಮಾರ್ಟೆನ್ ಎಂಬ ನೀಳ ಮೈಯ ಬೇಟೆಪ್ರಾಣಿ ಅಲ್ಲೇ ಎಲ್ಲೋ ಬೇಟೆಗೆ ಬಂದಿರಬಹುದು.