ಸೋತರೆ ಮನೆಗೆ: ಕಾಲೇಜು ಫುಟ್‌ಬಾಲ್ ತಂಡವನ್ನು ನಾನು ತಯಾರು ಮಾಡುವ ರೀತಿ

ಬೆಂಗಳೂರಿನ ಕಾಲೇಜು ತಂಡಕ್ಕೆ ಸೀಸನ್ ಎಂದರೆ ವಿಶ್ವವಿದ್ಯಾಲಯದ ಅಂತರ ಕಾಲೇಜು ಟೂರ್ನಿ. ಮೊದಲ ಸುತ್ತುಗಳು ಸಾಮಾನ್ಯವಾಗಿ ನಾಕೌಟ್, ಒಂದು ಮಧ್ಯಾಹ್ನ ಕೈಕೊಟ್ಟರೆ ವರ್ಷವೇ ಹೋಯಿತು. ಅಡ್ಮಿಷನ್ ಮುಗಿದ ಮೇಲೆ ಸಿಗುವುದು ಆರೇಳು ವಾರ. ಲೀಗ್ ಆಡುವ ಕ್ಲಬ್‌ನಂತೆ ಆಡಾಡುತ್ತಾ ತಂಡ ಕಟ್ಟುತ್ತೇನೆ ಎಂದರೆ ಇಲ್ಲಿ ನಡೆಯದು.

ಮೊದಲ ವಾರ ಮೈದಾನಕ್ಕಿಂತ ಆಫೀಸಿನಲ್ಲೇ ಹೆಚ್ಚು ಕೆಲಸ. ಎಲಿಜಿಬಿಲಿಟಿ ಫಾರಂ, ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಅಂಕಪಟ್ಟಿ, ಫೀ ರಸೀದಿ, ಫೋಟೊ ಮೇಲೆ ಪ್ರಿನ್ಸಿಪಾಲರ ಸೀಲು. ಹೆಸರನ್ನು ಅಕ್ಷರ ಅಕ್ಷರ ತಾಳೆ ನೋಡುತ್ತೇನೆ: ಅಂಕಪಟ್ಟಿಯಲ್ಲಿ ಇನಿಷಿಯಲ್ ಹಿಂದೆ, ಐಡಿ ಕಾರ್ಡಿನಲ್ಲಿ ಮುಂದೆ ಇದ್ದರೆ ಎದುರು ತಂಡದವರಿಗೆ ತಕರಾರು ಎತ್ತಲು ಅಷ್ಟೇ ಸಾಕು.

ಆಯ್ಕೆಗೆ ಯೋ-ಯೋ ಟೆಸ್ಟ್. 20 ಮೀಟರ್ ಹೋಗಿ ಬರುವುದು, 10 ಸೆಕೆಂಡ್ ವಿರಾಮ, ಬೀಪ್ ಸದ್ದಿಗೆ ತಕ್ಕಂತೆ ವೇಗ ಏರುತ್ತಾ ಹೋಗುತ್ತದೆ. ಶುರುವಿನಲ್ಲಿ 15.8 (15ನೇ ಹಂತದ 8ನೇ ಓಟ) ಮುಟ್ಟಿದರೆ, ಅಂದರೆ ಒಟ್ಟು 1,080 ಮೀಟರ್, ನನಗೆ ಒಪ್ಪಿಗೆ. ಟೂರ್ನಿ ಹೊತ್ತಿಗೆ 16.8, ಅಂದರೆ 1,400 ಮೀಟರ್ ಬೇಕು. ಗೋಲ್‌ಕೀಪರ್‌ಗೆ ವಿನಾಯಿತಿ. ಗೌತಮಪುರ, ಆಸ್ಟಿನ್ ಟೌನ್ ಕಡೆಯ ಹುಡುಗರಿಗೆ ಚೆಂಡಿನ ಹಿಡಿತ ಕಲಿಸಬೇಕಾಗಿಲ್ಲ. ಆದರೆ ಫೈವ್ಸ್ (ಚಿಕ್ಕ ಮೈದಾನದಲ್ಲಿ ಐದೈದು ಜನರ ಆಟ) ಆಡಿ ಬೆಳೆದ ಕಾಲುಗಳು ದೊಡ್ಡ ಮೈದಾನದಲ್ಲಿ ಎರಡನೇ ಅರ್ಧಕ್ಕೆ ಸೋಲುತ್ತವೆ.

ಇನ್ನು ಪೆನಾಲ್ಟಿ. ನಾಕೌಟ್‌ನಲ್ಲಿ ಇದನ್ನು ಅದೃಷ್ಟಕ್ಕೆ ಬಿಡುವ ಕೋಚ್‌ಗಳನ್ನು ಕಂಡರೆ ನನಗೆ ಅಚ್ಚರಿ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತ 1-2ರಿಂದ ಸೋತಿತು. ನಮ್ಮ ಏಕೈಕ ಗೋಲು ಬೆಂಗಳೂರಿನ ಸಾರಂಗಪಾಣಿ ರಾಮನ್ ಅವರದು, ಕೈತಪ್ಪಿದ್ದು ಎರಡು ಪೆನಾಲ್ಟಿ. ಅಭ್ಯಾಸಕ್ಕೆ ಮುಂಚೆ ಟೇಪು ಹಿಡಿದು ಗುರುತು ಅಳೆಯಬೇಕು. ಗೋಲು ಗೆರೆಯಿಂದ 11 ಮೀಟರ್. ಕ್ರಿಕೆಟ್‌ಗೂ ಬಳಸುವ ಕಾಲೇಜು ಮೈದಾನದಲ್ಲಿ ಹೆಜ್ಜೆ ಲೆಕ್ಕದಲ್ಲಿ ಹಾಕಿದ ಗುರುತು ಹತ್ತಕ್ಕೇ ನಿಂತಿರುತ್ತದೆ, ಅಲ್ಲಿ ಪಳಗಿದ ಕಾಲು ಟೂರ್ನಿಯಲ್ಲಿ ತಪ್ಪುತ್ತದೆ. ಪೆನಾಲ್ಟಿ ಬಾಕ್ಸ್‌ನಲ್ಲೂ ಇದೇ ಎಡವಟ್ಟು: 16.5 ಮೀಟರನ್ನು ಗೋಲಿನ ನಡುವಿನಿಂದಲ್ಲ, ಆಯಾ ಬದಿಯ ಕಂಬದ ಒಳ ಅಂಚಿನಿಂದ ಅಳೆಯಬೇಕು. ಒಟ್ಟು ಅಗಲ 40.32 ಮೀಟರ್ ಬಂದರೆ ಸರಿ, 33 ಬಂದರೆ ಅಳಿಸಿ ಮತ್ತೆ ಹಾಕಿ. ಮೂಲೆ ಚೌಕವಾಗಲು ಹಗ್ಗದಲ್ಲಿ 3-4-5 ಮೀಟರ್ ತ್ರಿಕೋನ. ಗೆರೆಗೆ ಸುಟ್ಟ ಸುಣ್ಣ ಬೇಡವೇ ಬೇಡ. ಒದ್ದೆಯಾದರೆ ಚರ್ಮ, ಕಣ್ಣು ಸುಡುತ್ತದೆ. ಮಾರ್ಬಲ್ ಪುಡಿ ಸಾಕು.

ಒದೆಯುವುದು ಅಭ್ಯಾಸದ ಕೊನೆಯಲ್ಲಿ, ಕಾಲು ಸೋತ ಮೇಲೆ. ಒಬ್ಬೊಬ್ಬರೇ ಮಧ್ಯಗೆರೆಯಿಂದ ನಡೆದು ಬಂದು ಒಂದೇ ಒದೆತ, ವಾಪಸ್. ಸಾಲಾಗಿ ಹತ್ತು ಹತ್ತು ಒದೆಸಿದರೆ ಪಂದ್ಯದ ಒತ್ತಡ ಸಿಗುವುದಿಲ್ಲ. ಕೀಪರ್‌ನ ಒಂದು ಪಾದದ ಒಂದಿಷ್ಟು ಭಾಗವಾದರೂ ಒದೆಯುವ ಕ್ಷಣದಲ್ಲಿ ಗೋಲು ಗೆರೆಯ ಮೇಲೆ, ಅದರ ನೇರಕ್ಕೆ ಇಲ್ಲವೇ ಹಿಂದೆ ಇರಬೇಕು. ಅಭ್ಯಾಸದಲ್ಲೂ ಮುಂದೆ ಜಿಗಿಯಲು ಬಿಡುವುದಿಲ್ಲ. ಶೂಟೌಟ್‌ನಲ್ಲಿ, ಅಂದರೆ ಸಮಬಲವಾದ ಪಂದ್ಯವನ್ನು ಪೆನಾಲ್ಟಿಯಿಂದ ತೀರ್ಮಾನಿಸುವಾಗ, ಒದೆಯುವ ಹಕ್ಕಿರುವುದು ಸಾಮಾನ್ಯವಾಗಿ ಆಟ ಮುಗಿದಾಗ ಮೈದಾನದಲ್ಲಿ ಇದ್ದವರಿಗೆ (ತಾತ್ಕಾಲಿಕವಾಗಿ ಹೊರಗಿದ್ದವರೂ ಸೇರಿ). ಸಮಬಲವಿದ್ದರೆ ಕೊನೆಯ ಹತ್ತು ನಿಮಿಷ ನಾನು ಒಳ್ಳೆಯ ಒದೆತಗಾರನನ್ನು ಕುಂಟುತ್ತಿದ್ದರೆ ಹೊರತು ಹೊರಗೆ ಕರೆಯುವುದಿಲ್ಲ.

ಶೂ ವಿಷಯ ಚಿಕ್ಕದು, ಆದರೆ ಗಾಯ ಅಲ್ಲಿಂದಲೇ. ಟರ್ಫ್ ಶೂ ಮಳೆ ಬಿದ್ದ ಕೆಮ್ಮಣ್ಣಿನಲ್ಲಿ ಜಾರುತ್ತದೆ, ಉದ್ದದ ಲೋಹದ ಸ್ಟಡ್ (ಶೂ ಅಡಿಯ ಮೊಳೆ) ಗಟ್ಟಿ ನೆಲದಲ್ಲಿ ಕಣಕಾಲು ತಿರುಚುತ್ತದೆ. ಗಟ್ಟಿ ನೆಲದ ಮೋಲ್ಡೆಡ್ ಸ್ಟಡ್ (ಅಡಿಯ ಜೊತೆಗೇ ಅಚ್ಚಾದದ್ದು) ನಮಗೆ ಹೊಂದುತ್ತದೆ. ಹಾಫ್‌ಟೈಮ್‌ನಲ್ಲಿ ಸ್ಟಡ್ ನಡುವಿನ ಮಣ್ಣನ್ನು ಕಡ್ಡಿಯಿಂದ ಕೆರೆದು ತೆಗೆಸಿ. ಚೆಂಡಿಗೆ ಗಾಳಿ ಹಾಕುವಾಗ ಸೂಜಿಗೆ ಒಂದು ಹನಿ ಗ್ಲಿಸರಿನ್ ಹಚ್ಚಿ, ಒಣ ಸೂಜಿ ವಾಲ್ವ್ ಹರಿಯುತ್ತದೆ. ನಿಯಮದಂತೆ 8.5ರಿಂದ 15.6 ಪಿಎಸ್‌ಐ. ನಾನು 10ರ ಹತ್ತಿರ ಇಡುತ್ತೇನೆ.

ಒಂದೇ ದಿನ ಎರಡು ಪಂದ್ಯ ಬಿದ್ದರೆ ನಡುವೆ ಇಡ್ಲಿ, ಬಾಳೆಹಣ್ಣು, ಉಪ್ಪು ಹಾಕಿದ ಮಜ್ಜಿಗೆ. ಗೆದ್ದ ಖುಷಿಗೆ ಬಿರಿಯಾನಿ ಕೊಡಿಸುವ ಹಿರಿಯ ವಿದ್ಯಾರ್ಥಿಗಳನ್ನು ಸಂಜೆವರೆಗೆ ದೂರವಿಡಿ. ಸೋತರೂ ಫೈಲು ಮುಚ್ಚಬೇಡಿ. ದಕ್ಷಿಣ ವಲಯದ ಅಂತರ ವಿಶ್ವವಿದ್ಯಾಲಯ ಟೂರ್ನಿಗೆ ಹೋಗುವ ವಿಶ್ವವಿದ್ಯಾಲಯ ತಂಡದ ಆಯ್ಕೆಗೆ ನಿಮ್ಮ ಹುಡುಗರಿಗೂ ಕರೆ ಬರಬಹುದು. ಅದೇ ದಾಖಲೆಗಳ ಇನ್ನೊಂದು ಸೆಟ್ ಮತ್ತು ಕ್ಯಾಂಪ್ ದಿನಗಳ ಅಟೆಂಡೆನ್ಸ್‌ಗೆ ವಿಭಾಗದ ಮುಖ್ಯಸ್ಥರ ಸಹಿ ಮೊದಲೇ ತಯಾರಿರಲಿ.